ಇ ತಂತಿ ಕೇಳಿಸಬೇಕು, ಕೆಳಗಿನ ಮನೆ ನಡುಗಬಾರದು

ಬೇಸ್ ಗಿಟಾರ್ ಕೊಂಡ ಮೇಲೆ ಆರು ತಿಂಗಳು ಅದನ್ನು ಗೆಳೆಯನೊಬ್ಬ ನಮ್ಮನೆಯಲ್ಲಿ ಬಿಟ್ಟುಹೋಗಿದ್ದ ಗಿಟಾರ್ ಆಂಪ್‌ಗೆ, ಅಂದರೆ ಸದ್ದು ಹೆಚ್ಚಿಸುವ ಆಂಪ್ಲಿಫೈಯರ್‌ಗೆ, ಸಿಕ್ಕಿಸಿ ನುಡಿಸುತ್ತಿದ್ದೆ. ಪುಟ್ಟ ಡಬ್ಬಿ, ಆರೂವರೆ ಇಂಚಿನ ಸ್ಪೀಕರ್. "ಸದ್ದು ಕಮ್ಮಿ ಇಟ್ಕೊಂಡ್ರೆ ಏನೂ ಆಗಲ್ಲ" ಅಂದಿದ್ದ. ಏನೂ ಆಗಲಿಲ್ಲ, ನಿಜ. ಸದ್ದೂ ಬರಲಿಲ್ಲ. ಬೇಸ್‌ನ ನಾಲ್ಕು ತಂತಿಗಳಲ್ಲಿ ತೆಳುವಾದ ಜಿ ಮತ್ತು ಡಿ ಪರವಾಗಿಲ್ಲ. ಎ ತಂತಿಗೆ ಬಂದರೆ ಗಂಟಲು ಕಟ್ಟಿದ ಹಾಗೆ. ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಮೀಟಿದರೆ ರಟ್ಟಿನ ಪೆಟ್ಟಿಗೆಯನ್ನು ಬೆರಳಲ್ಲಿ ತಟ್ಟಿದಂತೆ ಒಂದು 'ಟಪ್', ಅಷ್ಟೇ. ಒಂದು ದಿನ ತಾಳ್ಮೆ ಕೆಟ್ಟು ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಸ್ಪೀಕರಿನ ಮುಂದಿನ ಕಾಗದದ ಕೋನ್ 'ಪರ್ರ್' ಅಂತ ಹರಿಯಿತು. ಗೆಳೆಯನಿಗೆ ಹೊಸ ಸ್ಪೀಕರ್ ಹಾಕಿಸಿಕೊಟ್ಟು, ನನಗೊಂದು ಬೇಸ್ ಆಂಪ್ ಹುಡುಕಲು ಹೊರಟೆ.

ಕೋನ್ ಹರಿದದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಮಾಮೂಲಿ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಬೇಸ್‌ನ ಇ ತಂತಿ ಅದರರ್ಧ, 41 ಸಲ, ಅಂದರೆ 41 ಹರ್ಟ್ಜ್. ಬರೀ ಒಂದು ಸ್ಥಾಯಿ ಕೆಳಗೆ, ಅದರಲ್ಲೇನು ಅನಿಸಬಹುದು. ಆದರೆ ಒಂದು ಸ್ಥಾಯಿ ಕೆಳಗೆ ಅಷ್ಟೇ ಸದ್ದು ಬರಬೇಕಾದರೆ ಸ್ಪೀಕರಿನ ಕೋನ್ ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಓಡಾಡಬೇಕು. ಗಿಟಾರ್ ಸ್ಪೀಕರಿಗೆ ಅಷ್ಟು ಓಡಾಡುವ ಅಭ್ಯಾಸವೇ ಇಲ್ಲ. ನಾನು ಅದರ ಕೈಲಿ ಆಗದ ಕೆಲಸ ಹೇಳಿದ್ದೆ.

ಹುಡುಕಾಟ ಶುರುಮಾಡುವ ಮುಂಚೆ ಒಂದು ಚೀಟಿ ಬರೆದುಕೊಂಡೆ. ಒಂದೇ ಕೈಯಲ್ಲಿ ಹಿಡಿದು ಮೂರು ಮಹಡಿ ಮೆಟ್ಟಿಲು ಹತ್ತುವಂತಿರಬೇಕು, ಏಕೆಂದರೆ ಇನ್ನೊಂದು ಕೈಯಲ್ಲಿ ಬೇಸ್ ಇರುತ್ತದೆ. ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನುಡಿಸಲು ಬರಬೇಕು. ವಾರಕ್ಕೊಮ್ಮೆ ಡ್ರಮ್ಸ್ ಬಾರಿಸುವ ಗೆಳೆಯನ ಜೊತೆ ಕೂತಾಗ ಕೇಳಿಸಬೇಕು. ಬೇಸ್‌ಗೆ ಕೊಟ್ಟದ್ದಕ್ಕಿಂತ ಹೆಚ್ಚು ದುಡ್ಡು ಆಂಪ್‌ಗೆ ಹೋಗಬಾರದು. ಬರೆಯುವಾಗ ನಾಲ್ಕೂ ತುಂಬ ನ್ಯಾಯವಾದ ಬೇಡಿಕೆಗಳಂತೆ ಕಂಡವು. ಒಂದಕ್ಕೊಂದು ಜಗಳವಾಡುತ್ತವೆ ಅಂತ ಆಗ ಗೊತ್ತಿರಲಿಲ್ಲ.

ಈ ಜಗಳಕ್ಕೆ ಸ್ಪೀಕರ್ ಮಾಡುವವರಲ್ಲಿ ಒಂದು ಹೆಸರೇ ಇದೆ: ಹಾಫ್‌ಮನ್‌ನ ಕಬ್ಬಿಣದ ನಿಯಮ. ಚಿಕ್ಕ ಪೆಟ್ಟಿಗೆ, ತಗ್ಗಿನ ಸ್ವರ, ಕಡಿಮೆ ಪವರ್‌ನಲ್ಲೇ ಜೋರು ಸದ್ದು. ಈ ಮೂರರಲ್ಲಿ ಎರಡನ್ನು ಮಾತ್ರ ಕೇಳು, ಮೂರನೆಯದನ್ನು ಮರೆತುಬಿಡು ಅಂತ ಅದರ ಅರ್ಥ. ಚಿಕ್ಕ ಬೇಸ್ ಆಂಪ್ ಮಾಡುವ ಎಲ್ಲ ಕಂಪನಿಗಳೂ ಈ ನಿಯಮದೊಳಗೇ ಚೌಕಾಸಿ ಮಾಡಬೇಕು. ಯಾರು ಯಾವುದನ್ನು ಎಷ್ಟು ಬಿಟ್ಟುಕೊಟ್ಟಿದ್ದಾರೆ ಅನ್ನುವುದೊಂದೇ ವ್ಯತ್ಯಾಸ.

ಆದರೆ ಮೊದಲ ವಾರ ನಾನು ನೋಡಿದ್ದು ವ್ಯಾಟ್ ಒಂದನ್ನೇ. ಒಂದು ಹಾಳೆ ತೆಗೆದುಕೊಂಡು ಮಾಡೆಲ್‌ಗಳನ್ನು ವ್ಯಾಟ್ ಪ್ರಕಾರ ಸಾಲಾಗಿ ಬರೆದೆ. 15, 20, 25, 30, 40, 50, 100. ದುಡ್ಡಿಗೆ ಎಷ್ಟು ವ್ಯಾಟ್ ಸಿಗುತ್ತದೆ ಅಂತ ಭಾಗಿಸಿಯೂ ನೋಡಿದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ. ಸದ್ದಿನ ಅಳತೆಯಾದ ಡೆಸಿಬಲ್‌ನಲ್ಲಿ 3 ಹೆಚ್ಚುತ್ತದೆ, ಅಷ್ಟೇ. ಕಿವಿಗೆ 'ಹೌದು, ಸ್ವಲ್ಪ ಜಾಸ್ತಿ ಆಯ್ತು' ಅನಿಸುವಷ್ಟು. ಸದ್ದು ಇಮ್ಮಡಿ ಆಯಿತು ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅಂದರೆ 25ಕ್ಕೂ 40ಕ್ಕೂ ಇರುವ ಅಂತರ, ಆ ಅಂಕಿಗಳನ್ನಷ್ಟೇ ನೋಡಿದರೆ, ಜಗಳವಾಡುವಷ್ಟು ದೊಡ್ಡದೇ ಅಲ್ಲ.

ಅದೇ ವ್ಯಾಟ್ ಎರಡು ಬೇರೆ ಸ್ಪೀಕರ್‌ಗಳಿಗೆ ಹೋದಾಗ ಆಗುವ ವ್ಯತ್ಯಾಸ ನಿಜಕ್ಕೂ ದೊಡ್ಡದು. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಬರುತ್ತದೆ ಅಂತ ಸ್ಪೀಕರಿಗೊಂದು ಲೆಕ್ಕ ಇರುತ್ತದೆ. ಅದಕ್ಕೆ ಸೆನ್ಸಿಟಿವಿಟಿ ಅನ್ನುತ್ತಾರೆ. ಅದರಲ್ಲಿ 3 ಡೆಸಿಬಲ್ ಮುಂದಿರುವ ಸ್ಪೀಕರ್ ಇದ್ದರೆ, ಆಂಪ್‌ನ ವ್ಯಾಟ್ ಎರಡು ಪಟ್ಟಾದದ್ದಕ್ಕೆ ಸಮ. ಚಿಕ್ಕ ಕಾಂಬೋಗಳ (ಆಂಪ್ ಮತ್ತು ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವವು) ವಿವರದಲ್ಲಿ ಈ ಅಂಕಿ ಸಿಗುವುದು ಅಪರೂಪ. ವ್ಯಾಟ್ ಮಾತ್ರ ಡಬ್ಬಿಯ ಮುಖದ ಮೇಲೇ ಇರುತ್ತದೆ! ಇನ್ನೊಂದು ವಿಷಯ. ಕೆಲವು ಕಾಂಬೋಗಳು ಹೇಳಿಕೊಂಡ ಪೂರ್ತಿ ವ್ಯಾಟ್ ಕೊಡುವುದು ಹೊರಗಿನಿಂದ ಇನ್ನೊಂದು ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಜೋಡಿಸಿದಾಗ ಮಾತ್ರ. ತನ್ನೊಳಗಿನ ಒಂದೇ ಸ್ಪೀಕರಿಗೆ ಅದಕ್ಕಿಂತ ಕಡಿಮೆ. ಸಣ್ಣಕ್ಷರ ಓದಬೇಕು.

ವ್ಯಾಟ್ ಹುಚ್ಚು ಬಿಡಿಸಿದ್ದು ಒಂದು ಹಳೆಯ ಆಂಪ್‌ನ ಕಥೆ. ಆಂಪೆಗ್ ಕಂಪನಿ 1960ರಲ್ಲಿ ಪೋರ್ಟಾಫ್ಲೆಕ್ಸ್ ಬಿ-15 ಅಂತ ಒಂದು ಆಂಪ್ ತಂದಿತು. ಟ್ಯೂಬ್ ಆಂಪ್, 15 ಇಂಚಿನ ಒಂದು ಸ್ಪೀಕರ್, ಪವರ್ 25 ವ್ಯಾಟ್ ಆಸುಪಾಸು. ಸಾಗಿಸುವಾಗ ಮೇಲಿನ ಭಾಗವನ್ನು ತಿರುಗಿಸಿ ಪೆಟ್ಟಿಗೆಯೊಳಗೇ ಮುಚ್ಚಿಡಬಹುದಿತ್ತು. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಕ್ಲಬ್‌ಗಳಲ್ಲಿ ಬಳಸುತ್ತಿದ್ದದ್ದು ಇದನ್ನೇ. ನಾನು ಹಾಳೆಯ ತುದಿಯಲ್ಲಿ 'ಇದು ಸಾಲದು' ಅಂತ ಗೀಚಿ ಪಕ್ಕಕ್ಕಿಟ್ಟಿದ್ದ ಅದೇ 25 ವ್ಯಾಟ್. ಆದರೆ ಸ್ಪೀಕರ್ 15 ಇಂಚು, ಪೆಟ್ಟಿಗೆಯೂ ಪೆಟ್ಟಿಗೆಯಂತೆಯೇ ದೊಡ್ಡದು. ಅಂದಹಾಗೆ ಆಂಪೆಗ್ ಹೆಸರು ಬಂದದ್ದು 'ಆಂಪ್ಲಿಫೈಡ್ ಪೆಗ್'ನಿಂದ. ನಿಲ್ಲಿಸಿ ನುಡಿಸುವ ದೊಡ್ಡ ಬೇಸ್‌ನ ಬುಡದಲ್ಲಿ ಒಂದು ಕಡ್ಡಿ ಇರುತ್ತದಲ್ಲ, ಅದರೊಳಗೆ ಮೈಕ್ ಇಟ್ಟು ಶುರುವಾದ ಕಂಪನಿ ಅದು.

ಹಾಳೆ ಹರಿದು ಹಾಕಿ ಅಂಗಡಿಗೆ ಹೋದೆ. ಇಲ್ಲಿ ಎರಡನೆಯ ತಪ್ಪು ಮಾಡಿದೆ. ನನ್ನ ಬೇಸ್ ತೆಗೆದುಕೊಂಡು ಹೋಗಲಿಲ್ಲ.

ಅಂಗಡಿಯ ಹುಡುಗ ಗೋಡೆಯಿಂದ ಒಂದು ಹೊಳೆಯುವ ಬೇಸ್ ಇಳಿಸಿ ಕೈಗೆ ಕೊಟ್ಟ. ಆಕ್ಟಿವ್ ಬೇಸ್, ಒಳಗೆ ಬ್ಯಾಟರಿ, ಹೊಸ ತಂತಿ. ನನ್ನದು ಬ್ಯಾಟರಿ ಇಲ್ಲದ ಪ್ಯಾಸಿವ್, ಕೊಂಡಾಗಿನಿಂದ ತಂತಿ ಬದಲಿಸಿರಲಿಲ್ಲ. ಆತ ಎಂಟು ಇಂಚಿನ ಒಂದು ಪುಟ್ಟ ಕಾಂಬೋ ಮುಂದೆ ಕೂರಿಸಿ, ಮುಖದ ಮೇಲಿನ ಒಂದು ಗುಂಡಿ ಒತ್ತಿದ. ನಾನು ಇ ತಂತಿ ಮೀಟಿದೆ. ಅಬ್ಬಾ! ಕೆಳಗೆ ದಪ್ಪಗೆ ಮೆತ್ತಗೆ, ಮೇಲೆ ಗಾಜಿನಂತೆ ಮಿರುಗು. ಹತ್ತು ನಿಮಿಷ ನುಡಿಸಿದೆ. ಅದನ್ನೇ ಕೊಂಡೆ. ಇಷ್ಟವಾಗದಿದ್ದರೆ ಒಂದು ವಾರದೊಳಗೆ ವಾಪಸು ತನ್ನಿ ಎಂದರು. ಇಷ್ಟವಾಗದಿರುವುದು ಹೇಗೆ ಸಾಧ್ಯ ಅಂದುಕೊಂಡೆ.

ಆ ಭಾನುವಾರ ಡ್ರಮ್ಸ್ ಗೆಳೆಯನ ಕೋಣೆಗೆ ಹೊತ್ತುಕೊಂಡು ಹೋದೆ. ಅದೇ ಗುಂಡಿ ಒತ್ತಿದೆ. ನಾಲ್ಕು ಎಣಿಸಿ ಶುರು ಮಾಡಿದೆವು. ಎಂಟು ಬಾರ್ ಆದ ಮೇಲೆ ಅವನು ಕೋಲು ನಿಲ್ಲಿಸಿ ಕೇಳಿದ, "ಪ್ಲಗ್ ಹಾಕಿದ್ಯೇನೋ?"

ಹಾಕಿದ್ದೆ. ವಾಲ್ಯೂಮ್ ಹೆಚ್ಚಿಸಿದೆ. ತಗ್ಗಿನ ಸ್ವರ ಎತ್ತುವ ಬೇಸ್ ನಾಬ್ ಹೆಚ್ಚಿಸಿದೆ. ನೆಲ ಗುಂಯ್ ಅನ್ನತೊಡಗಿತು, ಆದರೆ ಯಾವ ಸ್ವರ ನುಡಿಸುತ್ತಿದ್ದೇನೆ ಅಂತ ನನಗೇ ಗೊತ್ತಾಗಲಿಲ್ಲ. ಇನ್ನೂ ಹೆಚ್ಚಿಸಿದಾಗ ಸ್ಪೀಕರ್ ಮಡಚಿದ ಕಾಗದ ಬಡಿದಂತೆ 'ಫರ್ ಫರ್' ಅಂದಿತು. ಗಿಟಾರ್ ಆಂಪ್‌ನ ಕೋನ್ ಹರಿದದ್ದು ನೆನಪಾಗಿ ಕೈ ತಾನಾಗಿ ಹಿಂದೆ ಬಂತು.

ಮನೆಗೆ ಬಂದು ಆ ಗುಂಡಿ ಏನು ಮಾಡುತ್ತದೆ ಅಂತ ಕೈಪಿಡಿಯಲ್ಲಿ ನೋಡಿದೆ. ಮಿಡ್ (ನಡುವಿನ ಸ್ವರಗಳು) ಕಡಿಮೆ ಮಾಡಿ, ಬೇಸ್ (ತಗ್ಗಿನವು) ಮತ್ತು ಟ್ರೆಬಲ್ (ಮೇಲಿನವು) ಎತ್ತುವ ಗುಂಡಿ ಅದು. ಒಬ್ಬನೇ ಕೂತು ನುಡಿಸುವಾಗ ಸೊಗಸಾಗಿ ಕೇಳುವುದೇ ಅದರ ಕೆಲಸ. ಡ್ರಮ್ಸ್ ಜೊತೆ ಕೂತರೆ ಕಥೆ ಬೇರೆ. ಕೆಳಗಿನ ಜಾಗ ಕಾಲಲ್ಲಿ ಬಾರಿಸುವ ಕಿಕ್ ಡ್ರಮ್‌ನದ್ದು. ಮೇಲಿನ ಜಾಗ ಸಿಂಬಲ್‌ಗಳದ್ದು. ಬೇಸ್‌ಗೆ ಉಳಿಯುವುದು ನಡುವಿನ ಜಾಗ, ಹೆಚ್ಚುಕಡಿಮೆ 200ರಿಂದ 800 ಹರ್ಟ್ಜ್‌ವರೆಗೆ. ಆ ಜಾಗವನ್ನೇ ನಾನು ಒಂದು ಗುಂಡಿ ಒತ್ತಿ ಖಾಲಿ ಮಾಡಿಕೊಂಡಿದ್ದೆ.

41 ಹರ್ಟ್ಜ್‌ನ ತಂತಿಗೆ 200, 800ರ ಜೊತೆ ಏನು ಸಂಬಂಧ ಅಂತ ನಾನೂ ಕೇಳಿಕೊಂಡಿದ್ದೆ. ಈ ಇಡೀ ಹುಡುಕಾಟದಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಇದೇ. ಇ ತಂತಿ ಮೀಟಿದಾಗ 41 ಮಾತ್ರ ಹೊರಡುವುದಿಲ್ಲ. ಅದರ ಜೊತೆಗೆ 82, 123, 164, ಹೀಗೆ ಅದರ ಗುಣಕಗಳ ಒಂದು ಮೆರವಣಿಗೆಯೇ ಹೊರಡುತ್ತದೆ. ಎಂಟು ಇಂಚಿನ ಸ್ಪೀಕರ್ ಇರುವ ಚಿಕ್ಕ ಪೆಟ್ಟಿಗೆಯಿಂದ ಆ 41 ಹೊರಗೆ ಬರುವುದು ತೀರಾ ಕಡಿಮೆ. ಆದರೂ ಸ್ವರ ಇ ಅಂತಲೇ ಕೇಳಿಸುತ್ತದೆ. ಏಕೆಂದರೆ ಮೇಲಿನವುಗಳ ನಡುವಿನ ಅಂತರ ನೋಡಿ, ಮೆದುಳು ಬುಡದಲ್ಲಿ ಇಲ್ಲದ ಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಫೋನಿನ ಪುಟಾಣಿ ಸ್ಪೀಕರಿನಲ್ಲೂ ಹಾಡಿನ ಬೇಸ್ ಸಾಲು ನಮಗೆ ಸಿಗುವುದು ಹೀಗೇ. ನಾನು ದುಡ್ಡು ಕೊಟ್ಟು ಹುಡುಕುತ್ತಿದ್ದ 'ಆಳ'ದ ಅರ್ಧ ಭಾಗ ನನ್ನ ತಲೆಯೊಳಗೇ ತಯಾರಾಗುತ್ತಿತ್ತು! ಚಿಕ್ಕ ಆಂಪ್‌ನಲ್ಲಿ ಬೇಸ್ ನಾಬ್ ತಿರುಗಿಸಿ ತಿರುಗಿಸಿ ಸಾಯುವುದು ಅದಕ್ಕೇ ದಂಡ. ಸ್ಪೀಕರ್ ಕೊಡಲಾಗದ್ದನ್ನು ಕೇಳಿದರೆ ಕೋನ್ ಸುಸ್ತಾಗುತ್ತದೆ, ಕಿವಿಗೇನೂ ಬರುವುದಿಲ್ಲ.

ಮರುದಿನ ಗುಂಡಿ ಬಿಟ್ಟು, ಬೇಸ್ ನಾಬ್ ನಡುವಿಗಿಂತ ಸ್ವಲ್ಪ ಕೆಳಗಿಳಿಸಿ, ಮಿಡ್ ಎತ್ತಿ ನೋಡಿದೆ. ಒಬ್ಬನೇ ಕೇಳಿದರೆ ಮೂಗಿನಲ್ಲಿ ಮಾತಾಡಿದ ಹಾಗಿತ್ತು. ಗೆಳೆಯನ ಕೋಣೆಯಲ್ಲಿ ಅದೇ ಮೂಗಿನ ದನಿ ಡ್ರಮ್ಸ್ ಸೀಳಿಕೊಂಡು ಹೊರಬಂತು. ಆದರೂ ಅವನು ಜೋರಾಗಿ ಬಾರಿಸಿದಾಗ ಆಂಪ್‌ಗೆ ಏದುಸಿರು. ಕೋನ್ ಅಳತೆಯ ಲೆಕ್ಕ ಹಾಕಿದೆ. ಎಂಟರಿಂದ ಹತ್ತು ಇಂಚಿಗೆ ಹೋದರೆ ಮೇಲ್ಮೈ ಒಂದೂವರೆ ಪಟ್ಟಿಗೂ ಸ್ವಲ್ಪ ಜಾಸ್ತಿ. ಹನ್ನೆರಡಕ್ಕೆ ಹೋದರೆ ಎರಡೂಕಾಲು ಪಟ್ಟು. ತಳ್ಳುವ ಗಾಳಿ ಅಷ್ಟೂ ಹೆಚ್ಚುತ್ತದೆ. ಆರನೆಯ ದಿನ ಆ ಆಂಪ್ ವಾಪಸು ಕೊಟ್ಟೆ. ಅಂಗಡಿಯವರು ಮುಖ ಗಂಟಿಕ್ಕಿಕೊಂಡೇ ತೆಗೆದುಕೊಂಡರು. ತಪ್ಪು ಆಂಪ್‌ನದ್ದಲ್ಲ, ನನ್ನದು. ಮನೆಯಲ್ಲಿ ಒಬ್ಬನೇ ನುಡಿಸುವವನಿಗೆ ಅದು ಧಾರಾಳ ಸಾಕು. ನೀವು ಹಾಗಿದ್ದರೆ ಮುಂದಿನದನ್ನೆಲ್ಲ ಓದದಿದ್ದರೂ ನಡೆಯುತ್ತದೆ.

ಎರಡನೇ ಸಲ ಬೇರೆ ಅಂಗಡಿಗೆ, ಬೇರೆ ತಯಾರಿಯೊಂದಿಗೆ ಹೋದೆ. ನನ್ನ ಬೇಸ್, ನನ್ನ ಕೇಬಲ್, ನನ್ನ ಹೆಡ್‌ಫೋನ್, ಜೊತೆಗೆ ಡ್ರಮ್ಸ್ ಗೆಳೆಯ. ಅವನ ಕೆಲಸ ಒಂದೇ, ಹತ್ತು ಹೆಜ್ಜೆ ದೂರ ಹೋಗಿ ನಿಂತು ಕೇಳುವುದು. ಇದು ಯಾಕೆ ಮುಖ್ಯ ಅಂದರೆ, ಚಿಕ್ಕ ಕಾಂಬೋ ನೆಲದ ಮೇಲಿರುತ್ತದೆ, ನಾವು ಅದರ ಪಕ್ಕ ನಿಂತಿರುತ್ತೇವೆ. ಮಿಡ್ ಮತ್ತು ಟ್ರೆಬಲ್ ನೇರವಾಗಿ ಹೋಗುವ ಜಾತಿ. ನಮ್ಮ ಮೊಣಕಾಲಿಗೆ ಕೇಳಿಸುತ್ತದೆ, ಕಿವಿಗಲ್ಲ! ಆಂಪೆಗ್‌ನ ಬಿಎ ಸರಣಿಯ ಪೆಟ್ಟಿಗೆಗಳನ್ನು ಹಿಂದಕ್ಕೆ ಒರಗಿಸಿ ಮುಖ ಮೇಲೆ ಮಾಡಿ ಇಡಲು ಬರುವುದು ಇದಕ್ಕೇ. ಬೇರೆಯವನ್ನು ಕುರ್ಚಿಯ ಮೇಲಿಟ್ಟು ಕೇಳಿದೆ. ಕುರ್ಚಿ ಏರಿಸಿದ ತಕ್ಷಣ ಗುಂಯ್ ಅನ್ನುವುದು ಇಳಿದು, ಸ್ವರ ಬಿಡಿಸಿ ಕೇಳುತ್ತಿತ್ತು.

ಎಲ್ಲ ನಾಬ್‌ಗಳೂ ನಡುವಿಗೆ, ಎಲ್ಲ ಗುಂಡಿಗಳೂ ಹೊರಗೆ. ಎರಡು ಆಂಪ್‌ಗಳನ್ನು ಹೋಲಿಸುವ ಮೊದಲು ಗೆಳೆಯ ದೂರದಿಂದ 'ಈಗ ಎರಡೂ ಒಂದೇ' ಅನ್ನುವವರೆಗೆ ವಾಲ್ಯೂಮ್ ಸರಿಮಾಡಿದೆ. ಇದನ್ನು ಬಿಟ್ಟರೆ ಜೋರಾಗಿರುವ ಆಂಪೇ ಗೆಲ್ಲುತ್ತದೆ. ಕಿವಿಯ ಗುಣವೇ ಹಾಗೆ, ಸದ್ದು ಕಡಿಮೆಯಿದ್ದಾಗ ತಗ್ಗಿನ ಸ್ವರಗಳನ್ನು ಹೆಚ್ಚು ಕಳೆದುಕೊಳ್ಳುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಇದನ್ನು ಅಳೆದು ಗೆರೆ ಎಳೆದು ತೋರಿಸಿದ್ದಾರೆ. ಹಾಗಾಗಿ ವಾಲ್ಯೂಮ್ ಒಂದು ಚೂರು ಮೇಲಿದ್ದರೂ ಆ ಆಂಪ್‌ನಲ್ಲಿ 'ಆಳ ಜಾಸ್ತಿ' ಅನಿಸಿಬಿಡುತ್ತದೆ.

ಆಮೇಲೆ ಹಾಡು ಗೀಡು ಏನೂ ಇಲ್ಲ. ಖಾಲಿ ಇ ತಂತಿಯಿಂದ ಶುರುಮಾಡಿ ಒಂದೊಂದೇ ಫ್ರೆಟ್ (ಕತ್ತಿನ ಮೇಲಿನ ಪಟ್ಟಿ) ಏರುತ್ತಾ, ಒಂದೇ ಬಲದಲ್ಲಿ, ಒಂದೊಂದು ಸ್ವರಕ್ಕೂ ಮೂರು ಎಣಿಸಿ ಹನ್ನೆರಡರವರೆಗೆ ಹೋದೆ. ಅಂಗಡಿಯವರು ಈ ಬೇಸರದ ಕಛೇರಿ ಕೇಳಿ ಒಬ್ಬೊಬ್ಬರೇ ಒಳಗೆ ಸರಿದರು. ಆದರೆ ಆಂಪ್‌ನ ಬಣ್ಣ ಬಯಲಾಗುವುದು ಇಲ್ಲೇ. ಒಂದು ಪೆಟ್ಟಿಗೆಯಲ್ಲಿ ಎ ಮತ್ತು ಎ ಶಾರ್ಪ್ ಮಾತ್ರ ಎದ್ದು ಕುಣಿಯುತ್ತಿದ್ದವು, ಅದರ ಕೆಳಗಿನವೆಲ್ಲ ಬಡವಾಗಿದ್ದವು. ರಂಧ್ರವಿರುವ ಪೆಟ್ಟಿಗೆಗಳಲ್ಲಿ ಹೀಗಾಗುವುದುಂಟು. ಪೋರ್ಟ್, ಅಂದರೆ ಆ ರಂಧ್ರ, ಯಾವ ಸ್ವರಕ್ಕೆ ಹೊಂದಿದೆಯೋ ಅದರ ಸುತ್ತ ಸಹಾಯ ಸಿಗುತ್ತದೆ, ಅದರ ಕೆಳಗೆ ಕೋನ್‌ಗೆ ಹಿಡಿತ ತಪ್ಪುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ ತಗ್ಗಿನ ಸ್ವರಗಳು ನಿಧಾನವಾಗಿ ಇಳಿಯುತ್ತವೆ, ಆದರೆ ಬೇಗ ಇಳಿಯಲು ಶುರುವಾಗುತ್ತವೆ.

ಇನ್ನೊಂದರಲ್ಲಿ ಜಿ ಸ್ವರಕ್ಕೆ ಬಂದಾಗ, ಅಂದರೆ ಇ ತಂತಿಯ ಮೂರನೇ ಫ್ರೆಟ್, 'ಝರ್ರ್' ಅಂತ ಒಂದು ಸದ್ದು. ಎಫ್ ಶಾರ್ಪ್‌ಗೆ ಇಲ್ಲ, ಜಿ ಶಾರ್ಪ್‌ಗೆ ಇಲ್ಲ, ಜಿಗೆ ಮಾತ್ರ. ಹಿಡಿಕೆಯ ಸ್ಕ್ರೂ ಸಡಿಲವಿರಬೇಕು ಅಂತ ಒತ್ತಿ ಹಿಡಿದೆ. ಜಾಲರಿ ಅದುಮಿದೆ. ನಾಬ್‌ಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಹಿಂಬದಿಗೆ ಕಿವಿ ಇಟ್ಟೆ. ಈ ಆಂಪ್ ಬೇಡ ಅಂತ ಎದ್ದೇಬಿಟ್ಟಿದ್ದೆ. ಅಷ್ಟರಲ್ಲಿ ಗೆಳೆಯ ಹಿಂದಿನ ಸಾಲಿನಲ್ಲಿದ್ದ ಸ್ನೇರ್ ಡ್ರಮ್‌ನ ಕೆಳಗಿನ ತಂತಿಗಳ ಮೇಲೆ ಬೆರಳಿಟ್ಟ. ಸದ್ದು ನಿಂತಿತು. ಆಂಪ್ ಪಾಪ ಏನೂ ಮಾಡಿರಲಿಲ್ಲ.

ನಾನು ನೋಡಿದ ಸಾಲು ಸುಮಾರು ಹೀಗಿತ್ತು. ಫೆಂಡರ್ ರಂಬಲ್‌ನಲ್ಲಿ 25 ವ್ಯಾಟ್‌ಗೆ 8 ಇಂಚು, 40ಕ್ಕೆ 10, 100ಕ್ಕೆ 12. ಆಂಪೆಗ್ ರಾಕೆಟ್ ಬೇಸ್‌ನಲ್ಲಿ 30ಕ್ಕೆ 8, 50ಕ್ಕೆ 10, 100ಕ್ಕೆ 12. ಆರೆಂಜ್ ಕ್ರಷ್ ಬೇಸ್‌ನಲ್ಲಿ 25ಕ್ಕೆ 8, 50ಕ್ಕೆ 12. ಆರೆಂಜ್‌ನಲ್ಲಿ ಟ್ಯೂನರ್ ಒಳಗೇ ಇದೆ, ಮಿಡ್‌ನಲ್ಲಿ ಯಾವ ಜಾಗ ಎತ್ತಬೇಕು ಅನ್ನುವುದನ್ನೂ ಆರಿಸಿಕೊಳ್ಳಬಹುದು. ನನ್ನ ಮಿಡ್ ಪಾಠ ಆಗಷ್ಟೇ ಮುಗಿದಿದ್ದರಿಂದ ಅದು ಮನಸ್ಸು ಸೆಳೆಯಿತು. ಬ್ಯಾಟರಿಯಲ್ಲಿ ಓಡುವ, ನಾಲ್ಕು ಇಂಚಿನ ಸ್ಪೀಕರ್‌ಗಳ ಪುಟಾಣಿಗಳೂ ಇದ್ದವು. ಮುದ್ದಾಗಿವೆ. ಡ್ರಮ್ಸ್ ಪಕ್ಕ ಕೂರಿಸುವ ಮಾತೇ ಇಲ್ಲ.

ಹೆಡ್‌ಫೋನ್ ಪರೀಕ್ಷೆಗೆ ಎರಡು ನಿಮಿಷ ಸಾಕು. ಸಿಕ್ಕಿಸಿದ ಕೂಡಲೇ ಸ್ಪೀಕರ್ ಬಂದ್ ಆಗಬೇಕು. ತಂತಿ ಮುಟ್ಟದೆ ಸುಮ್ನೆ ಕೂತು ಕೇಳಬೇಕು. ಒಂದು ಆಂಪ್‌ನಲ್ಲಿ 'ಸ್ಸ್' ಅನ್ನುವುದು ಎಷ್ಟಿತ್ತು ಅಂದರೆ, ಮಳೆಯಲ್ಲಿ ಕೂತು ನುಡಿಸಿದಂತೆ. ನನ್ನ ನುಡಿಸಾಟದ ಮುಕ್ಕಾಲು ಪಾಲು ರಾತ್ರಿ ಹತ್ತರ ಮೇಲೆ, ಹೆಡ್‌ಫೋನಿನಲ್ಲಿ. ಸ್ಪೀಕರ್ ಎಷ್ಟೇ ಚೆನ್ನಾಗಿದ್ದರೂ ಈ 'ಸ್ಸ್' ಜೊತೆ ಸಂಸಾರ ಮಾಡಲು ಆಗುವುದಿಲ್ಲ. ಅದನ್ನು ಅಲ್ಲೇ ಬಿಟ್ಟೆ. ಹಾಡು ಹಾಕಿಕೊಂಡು ಜೊತೆಗೆ ನುಡಿಸಲು ಫೋನ್ ಸಿಕ್ಕಿಸುವ ಆಕ್ಸ್ ತೂತು ಎಲ್ಲದರಲ್ಲೂ ಇತ್ತು.

ತೂಕದ ಬಗ್ಗೆ ನನಗಿದ್ದ ಭಯ ಹಳೆಯದು ಅಂತ ಗೊತ್ತಾಯಿತು. ಹಿಂದೆ ಬೇಸ್ ಆಂಪ್ ಅಂದರೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್, ಅದೇ ಭಾರ. ಈಗಿನ ಹಲವು ಆಂಪ್‌ಗಳು ಕ್ಲಾಸ್ ಡಿ. ಡಿ ಅಂದರೆ ಡಿಜಿಟಲ್ ಅಂತ ಅಂಗಡಿಯಾತ ಹೇಳಿದ, ಹಾಗಲ್ಲ. ಎ, ಬಿ, ಸಿ ಆದ ಮೇಲೆ ಬಂದ ಅಕ್ಷರ, ಅಷ್ಟೇ. ಟ್ರಾನ್ಸಿಸ್ಟರ್‌ಗಳು ಪೂರ್ತಿ ಆನ್ ಅಥವಾ ಪೂರ್ತಿ ಆಫ್ ಆಗುತ್ತಾ ಕೆಲಸ ಮಾಡುವುದರಿಂದ ಶಾಖ ಕಡಿಮೆ, ಶಾಖ ಹೊರಹಾಕುವ ದೊಡ್ಡ ಹೀಟ್‌ಸಿಂಕ್ ಬೇಡ. ಸ್ವಿಚಿಂಗ್ ಪವರ್ ಸಪ್ಲೈ ಇದ್ದರೆ ಟ್ರಾನ್ಸ್‌ಫಾರ್ಮರಿನ ಭಾರವೂ ಇಳಿಯುತ್ತದೆ. ಸ್ಪೀಕರಿನ ಅಯಸ್ಕಾಂತ ನಿಯೋಡಿಮಿಯಮ್ ಆದರೆ ಇನ್ನೂ ಹಗುರ, ದುಡ್ಡು ಮಾತ್ರ ಜಾಸ್ತಿ. ಸೆಕೆಂಡ್ ಹ್ಯಾಂಡ್ ಆಂಪ್‌ಗಳನ್ನೂ ಎರಡು ನೋಡಿದೆ. ನಾಬ್ ತಿರುಗಿಸಿದಾಗ 'ಕರಕರ' ಅಂದರೆ ದೂಳು, ತೊಳೆದರೆ ಹೋಗುತ್ತದೆ. ಕೇಬಲ್ ಅಲ್ಲಾಡಿಸಿದಾಗ ಸದ್ದು ಹೋಗಿ ಬಂದರೆ ಜ್ಯಾಕ್ ಸಡಿಲ. ಕೋನ್ ಅನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಒಳಗೆ ಉಜ್ಜಿದಂತಾದರೆ ಮುಟ್ಟಲೇಬೇಡಿ. ಎರಡನೆಯದು ಉಜ್ಜುತ್ತಿತ್ತು.

ನಿಜ ಹೇಳಬೇಕೆಂದರೆ ಅಲ್ಲಿ ಕೇಳಿದ್ದರಲ್ಲಿ ಚೆನ್ನಾಗಿದ್ದದ್ದು ಹನ್ನೆರಡು ಇಂಚಿನದೇ. ಖಾಲಿ ಇ ತಂತಿ ಎದೆಗೆ ಬಂದು ತಾಗುತ್ತಿತ್ತು. ಗೆಳೆಯ "ಇದೇ ತಗೋ ಮಾರಾಯ" ಅಂದ. ನನಗೂ ಆಸೆ. ಆದರೆ ಮನೆಯಲ್ಲಿ ಅದಕ್ಕೆ ಉಳಿದಿದ್ದ ಜಾಗ ಮೇಜಿನ ಕೆಳಗಿನದು. ಅಳೆದುಕೊಂಡು ಹೋಗಿದ್ದೆ, ಹಿಡಿಯುತ್ತಿರಲಿಲ್ಲ. ದುಡ್ಡೂ ಗೆರೆ ದಾಟುತ್ತಿತ್ತು. ಕೆಳಗಿನ ಮನೆಯ ಅಜ್ಜ ಬೇರೆ ಇದ್ದರು. ಎಂಟು ಇಂಚಿನದ್ದು ಮನೆಯಲ್ಲಿದ್ದ ವಾರವೇ ಮೆಟ್ಟಿಲಲ್ಲಿ ಹಿಡಿದು ನಿಲ್ಲಿಸಿದ್ದರು. "ನಿನ್ನ ಪಾಡಿಗೆ ನೀನು ಬಾರಿಸ್ಕೋ ಮಗಾ, ಬೇಡ ಅನ್ನಲ್ಲ. ನನ್ನ ಮಂಚ ಯಾಕೆ ನಡುಗಬೇಕು?"

ಹತ್ತು ಇಂಚಿಗೆ ನಾನು ಒಪ್ಪಿಕೊಂಡದ್ದು ಡಿಐ ಔಟ್, ಅಂದರೆ ಮಿಕ್ಸರಿಗೆ ನೇರ ದಾರಿ, ಇದ್ದುದರಿಂದ. ಹಿಂಬದಿಯಲ್ಲಿ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್ ತೂತು. ಅಲ್ಲಿಂದ ಮೈಕ್ ಕೇಬಲ್ ಎಳೆದು ಸಭಾಂಗಣದ ಮಿಕ್ಸರಿಗೆ ಕೊಟ್ಟರೆ ಜನರಿಗೆ ಕೇಳಿಸುವ ಹೊಣೆ ದೊಡ್ಡ ಸ್ಪೀಕರ್‌ಗಳದ್ದು. ನನ್ನ ಆಂಪ್ ನನಗೆ ಮತ್ತು ಡ್ರಮ್ಸ್‌ನವನಿಗೆ ಕೇಳಿಸಿದರೆ ಸಾಕು. ಸಭಾಂಗಣ ತುಂಬುವಷ್ಟು ದೊಡ್ಡದು ಹೊರುವ ಅಗತ್ಯವೇ ಇಲ್ಲ. ಎಂಟು ಇಂಚಿನ ರಂಬಲ್ 25ರಲ್ಲಿ ಈ ತೂತು ಇಲ್ಲ, ರಂಬಲ್ 40ರಲ್ಲಿ ಇದೆ. ಪಕ್ಕದಲ್ಲೇ ಗ್ರೌಂಡ್ ಲಿಫ್ಟ್ ಗುಂಡಿಯೂ ಇರುತ್ತದೆ. ಮಿಕ್ಸರಿಗೆ ಜೋಡಿಸಿದಾಗ 'ಹಮ್' ಅಂತ ಕೊರೆಯುವ ಸದ್ದು ಬಂದರೆ ಒತ್ತುವುದಕ್ಕೆ. ಐದು ತಂತಿಯ ಬೇಸ್ ನನ್ನ ಹತ್ತಿರವಿದ್ದರೆ ಇಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ. ಬಿ ತಂತಿ 31 ಹರ್ಟ್ಜ್‌ಗೆ ಇಳಿಯುತ್ತದೆ. ಅಂಗಡಿಯ ಐದು ತಂತಿಯ ಬೇಸ್ ಹಾಕಿ ನೋಡಿದಾಗ ಹತ್ತು ಇಂಚಿನದು ಆ ತಂತಿಯನ್ನು ಗೊಣಗಿಕೊಂಡೇ ನುಡಿಸಿತು.

ಕೊನೆಗೆ ರಂಬಲ್ 40 ತಂದೆ. ಎಂಟು ಕಿಲೋ ಆಸುಪಾಸು. ಮೊದಲ ಸಲ ಮೆಟ್ಟಿಲು ಹತ್ತುವಾಗ ಬೇಸ್ ಚೀಲವೇ ಹೆಚ್ಚು ತೊಡಕು ಕೊಟ್ಟಿತು. ನಾಲ್ಕು ಟೋನ್ ನಾಬ್‌ಗಳಲ್ಲಿ ಎರಡು ಮಿಡ್‌ನವೇ, ಕೆಳಗಿನ ಮಿಡ್ ಮತ್ತು ಮೇಲಿನ ಮಿಡ್. ಡ್ರಮ್ಸ್ ಇದ್ದಾಗ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ, ಕೆಳಗಿನ ಮಿಡ್ ನಾಬ್ ಎರಡು ಗಂಟೆಯ ಕಡೆಗೆ, ಬೇಸ್ ಹನ್ನೊಂದು ಗಂಟೆಗೆ. ಕಾಂಟೂರ್ ಅನ್ನುವ ಗುಂಡಿ ಇದರಲ್ಲೂ ಇದೆ, ಮಿಡ್ ತೆಗೆಯುವ ಅದೇ ಕಸುಬು. ಒಬ್ಬನೇ ಇದ್ದಾಗ ಒತ್ತಿಕೊಂಡು ಖುಷಿಪಡುತ್ತೇನೆ, ಸುಳ್ಳು ಹೇಳಲ್ಲ.

ಮೊದಲ ಭಾನುವಾರ ಗೆಳೆಯ ಕೋಲು ನಿಲ್ಲಿಸಲಿಲ್ಲ. ಎರಡನೇ ಹಾಡಿನ ನಡುವೆ ಕೂಗಿದ, "ಸ್ವಲ್ಪ ಕಮ್ಮಿ ಮಾಡೋ!"

ಮನೆಯಲ್ಲಿ ಜಾಗ ಹುಡುಕಲು ಇನ್ನೂ ಒಂದು ವಾರ ಹಿಡಿಯಿತು. 41 ಹರ್ಟ್ಜ್‌ನ ಒಂದು ಅಲೆ ಎಂಟು ಮೀಟರಿಗೂ ಉದ್ದ, ನನ್ನ ಕೋಣೆಯ ಉದ್ದ ಅದರರ್ಧವೂ ಇಲ್ಲ. ಮೂಲೆಯಲ್ಲಿಟ್ಟರೆ ಗೋಡೆಗಳು ತಗ್ಗಿನ ಸ್ವರವನ್ನು ಎತ್ತಿ ಎತ್ತಿ ಕೊಡುತ್ತವೆ, ಅಜ್ಜನ ಮಂಚದವರೆಗೂ. ಗೋಡೆಯಿಂದ ಎಳೆದು, ದಪ್ಪ ಫೋಮ್ ಹಾಕಿದ ಸ್ಟೂಲ್ ಮೇಲೆ ಕೂರಿಸಿದೆ. ನೆಲಕ್ಕೆ ನೇರವಾಗಿ ಇಳಿಯುವ ನಡುಕ ತಗ್ಗಿತು. ಗಾಳಿಯಲ್ಲಿ ಹೋಗುವುದನ್ನು ಫೋಮ್ ತಡೆಯುವುದಿಲ್ಲ, ಅದಕ್ಕೆ ರಾತ್ರಿ ಹೆಡ್‌ಫೋನ್. ಹಗಲಲ್ಲಿ ನುಡಿಸುವಾಗ ಖಾಲಿ ಎ ತಂತಿಗೆ ಕಿಟಕಿಯ ಒಂದು ಗಾಜು ಮಾತ್ರ ಇನ್ನೂ 'ಝಿಲ್' ಅನ್ನುತ್ತಿತ್ತು. ಸಂದಿಗೆ ಕಾಗದ ಮಡಚಿ ಸಿಕ್ಕಿಸಿದ್ದೇನೆ. ಆಂಪ್ ಬಂದಿದ್ದ ರಟ್ಟಿನ ಪೆಟ್ಟಿಗೆಯದೇ ತುಂಡು ಅದು. ಈಗ ಪಕ್ಕದ ಗಾಜು ಶುರುಮಾಡಿದೆ.